ಪುಡಿ ಸಾಮಾನಿನ ಪ್ರತಾಪ

ಮನೆಯಲ್ಲೇ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರೆಲ್ಲ ಹೆದರುವುದು ಪ್ರೊಸೆಸರ್‌ಗೆ ಮತ್ತು ಗ್ರಾಫಿಕ್ಸ್ ಕಾರ್ಡಿಗೆ. ಅವು ಪಾಪ, ಸಾಧು ಪ್ರಾಣಿಗಳು. ಮೂಲೆಯ ತ್ರಿಕೋನದ ಗುರುತು ನೋಡಿ ಇಟ್ಟರೆ ಪ್ರೊಸೆಸರ್ ತೆಪ್ಪಗೆ ಕೂರುತ್ತದೆ. ಗ್ರಾಫಿಕ್ಸ್ ಕಾರ್ಡ್ 'ಟಕ್' ಎಂದು ಹಾಜರಿ ಹೇಳುತ್ತದೆ. ಪ್ರಾಣ ತಿನ್ನುವುದೆಲ್ಲ ಲೆಕ್ಕಕ್ಕೇ ಇಲ್ಲದ ಪುಡಿ ಸಾಮಾನು.

ಅದರಲ್ಲಿ ಅಗ್ರಪೂಜೆ ಐ/ಓ ಶೀಲ್ಡಿಗೆ ಸಲ್ಲಬೇಕು. ಹಿಂಬದಿಯ ಪೋರ್ಟುಗಳ ಸುತ್ತ ಕೂರುವ ತೆಳು ತಗಡು ಇದು. ಮದರ್‌ಬೋರ್ಡಿಗಿಂತ ಮೊದಲು, ಕ್ಯಾಬಿನೆಟ್‌ನ ಒಳಗಿನಿಂದ ಒತ್ತಿ ಕೂರಿಸಬೇಕು. ಬೋರ್ಡಿಟ್ಟು, 9 ಸ್ಕ್ರೂ ಬಿಗಿದು, ವೈರುಗಳನ್ನೆಲ್ಲ ಜಡೆ ಹೆಣೆದಂತೆ ಕಟ್ಟಿ, ಬೆವರು ಒರೆಸಿಕೊಂಡು ನೋಡಿದರೆ ತಗಡು ಮೇಜಿನ ಮೇಲೆ ಮಿರಮಿರ ಮಿಂಚುತ್ತಿರುತ್ತದೆ. ಬಿಚ್ಚಿ, 9ನ್ನೂ. ಈಚಿನ ಅನೇಕ ಬೋರ್ಡುಗಳಲ್ಲಿ ಅದು ಅಂಟಿಕೊಂಡೇ ಬರುತ್ತದೆ, ಶಾಪ ತಟ್ಟಿರಬೇಕು.

ಬಿಚ್ಚಿದ್ದೇ ಆಯಿತು, ಕೆಳಗಿನ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳನ್ನೂ, ಅಂದರೆ ಬೋರ್ಡನ್ನು ಕ್ಯಾಬಿನೆಟ್‌ನ ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಗಿಡ್ಡ ಕಾಲುಗಳನ್ನೂ, ಎಣಿಸಿಬಿಡಿ. ಬೋರ್ಡಿನಲ್ಲಿ ತೂತಿಲ್ಲದ ಕಡೆ ಒಂದು ಉಳಿದುಕೊಂಡರೂ ಹಿಂಬದಿಯ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತದೆ.

ಪ್ರೊಸೆಸರ್ ಮೇಲೆ ಕೂತು ಅದನ್ನು ತಣ್ಣಗಿಡುವ ಕೂಲರ್‌ನ ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಕಿತ್ತು ಹಾಕಿ ಎಂದು ಅದರ ಮೇಲೇ ಅಚ್ಚು ಹಾಕಿರುತ್ತಾರೆ, ಆದರೂ ಅದು ಹಾಗೇ ಒಳಗೆ ಹೋಗುತ್ತದೆ. ಆಟ ಶುರುವಾಗುವ ಮುಂಚೆಯೇ, ವಿಂಡೋಸ್‌ಗೂ ಮೊದಲಿನ ಬಯಾಸ್ ಸೆಟ್ಟಿಂಗ್ ಪರದೆಯಲ್ಲೇ ಪ್ರೊಸೆಸರ್ 90 ಡಿಗ್ರಿ ಮುಟ್ಟಿದ್ದರೆ ಮೊದಲು ಆ ಹಾಳೆಯನ್ನು ನೆನಪಿಸಿಕೊಳ್ಳಿ. ಕೂಲರ್ ಕೂರಿಸುವ ಮುಂಚೆ ಪ್ರೊಸೆಸರ್‌ಗೆ ಹಚ್ಚುವ ಥರ್ಮಲ್ ಪೇಸ್ಟ್ ನಟ್ಟನಡುವೆ ಬಟಾಣಿಯಷ್ಟಿದ್ದರೆ ಸಾಕು. ಎರಡು ಲೋಹಗಳ ನಡುವಿನ ಸಣ್ಣ ತಗ್ಗುಗಳಲ್ಲಿ ಕೂತ ಗಾಳಿಯನ್ನು ಓಡಿಸುವುದಷ್ಟೇ ಅದರ ಕೆಲಸ. ಗಾರೆ ಮೆತ್ತುವವರಿಗೆ ಬೇರೆ ಉದ್ಯೋಗಗಳಿವೆ.

ಇನ್ನು ಕ್ಯಾಬಿನೆಟ್‌ನ ಮುಂಬದಿಯ ವೈರುಗಳು. ಪವರ್ ಸ್ವಿಚ್, ರೀಸೆಟ್, ಎರಡು ಎಲ್‌ಇಡಿ. ಎಲ್ಲಕ್ಕೂ ಸೇರಿ ಬೋರ್ಡಿನ ಕೆಳ ಮೂಲೆಯಲ್ಲಿ, ಬೆರಳು ತೂರದ ಕಡೆ, 9 ಪಿನ್. ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿ ಟಾರ್ಚ್ ಬಿಟ್ಟುಕೊಂಡು ಒಂದನ್ನು ಸಿಕ್ಕಿಸುವಷ್ಟರಲ್ಲಿ ಪಕ್ಕದ್ದು ಉದುರುತ್ತದೆ. ಸಮಾಧಾನವೆಂದರೆ ಸ್ವಿಚ್ಚಿಗೆ ಪ್ಲಸ್-ಮೈನಸ್ ಭೇದವಿಲ್ಲ. ಎಲ್‌ಇಡಿಗಿದೆ, ಆದರೆ ಉಲ್ಟಾ ಹಾಕಿದರೆ ಮಿನುಗುವುದಿಲ್ಲ, ಅಷ್ಟೇ.

ತಮಾಷೆ ಮಾಡಬಾರದ ವೈರು ಒಂದಿದೆ. ಮಾಡ್ಯುಲರ್, ಅಂದರೆ ಕೇಬಲ್‌ಗಳನ್ನು ಬಿಚ್ಚಿ ಹಾಕಬಹುದಾದ, ಪವರ್ ಸಪ್ಲೈ ಬದಲಿಸಿದಾಗ ಹಳೆಯದರ ಕೇಬಲ್‌ಗಳನ್ನು ಹೊಸದಕ್ಕೆ ಹಾಕಬೇಡಿ. ಅಳತೆಗೆ ಸರಿಯಾಗಿಯೇ ಕೂರುತ್ತವೆ, ಆದರೆ ಸಪ್ಲೈ ಕಡೆಯ ಪಿನ್‌ಗಳ ಕ್ರಮ ಒಂದೊಂದು ಮಾದರಿಗೆ ಒಂದೊಂದು. 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋದರೆ ವರ್ಷಗಟ್ಟಲೆ ಸಿನಿಮಾ ಕೂಡಿಟ್ಟ ಹಾರ್ಡ್ ಡಿಸ್ಕ್ ಕ್ಷಣದಲ್ಲಿ ಶಿವಾ ಅನ್ನುತ್ತದೆ.

4 ಸ್ಲಾಟ್ ಇದ್ದು ಕೈಯಲ್ಲಿ ಎರಡೇ ರ‍್ಯಾಮ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೆಯದಕ್ಕೆ ಹಾಕಬೇಕು. ಡಿಡಿಆರ್5 ಬಗೆಯ ರ‍್ಯಾಮ್ ಆದರೆ ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಬೋರ್ಡು ಹೊಸ ರ‍್ಯಾಮ್‌ಗೆ ಹೊಂದಿಕೊಳ್ಳುವ ಪಾಠ, ಮೆಮೊರಿ ಟ್ರೈನಿಂಗ್, ನಡೆಯುತ್ತಿರುತ್ತದೆ; ಕೆಲವು ನಿಮಿಷ ಹಿಡಿದರೂ ಹಿಡಿಯಿತು. ಗಾಬರಿಬಿದ್ದು ಆಫ್ ಮಾಡಿದಿರೋ, ಅದು ಮತ್ತೆ ಅ ಆ ಇ ಈಯಿಂದ ಶುರು.

ಪರದೆ ಬಂತು, ಆಟ ಮಾತ್ರ ಕುಂಟುತ್ತಿದೆ ಅನ್ನಿ. ಮಾನಿಟರ್‌ನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹೋಗಿದೆಯೋ, ಮದರ್‌ಬೋರ್ಡಿನ ಪೋರ್ಟಿಗೋ? ಅಷ್ಟು ದೊಡ್ಡ ಕಾರ್ಡನ್ನು ಸುಮ್ಮನೆ ಕೂರಿಸಿಬಿಟ್ಟವರು ಬೇಕಾದಷ್ಟಿದ್ದಾರೆ. ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲ 144 ಹರ್ಟ್ಸ್ ಮಾನಿಟರ್ ವಿಂಡೋಸ್‌ನಲ್ಲಿ 60ರಲ್ಲೇ ತೂಕಡಿಸುತ್ತಿರುವುದೂ ಉಂಟು. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಎಬ್ಬಿಸಬೇಕು.

ಕೊನೆಗೆ ಕ್ಯಾಬಿನೆಟ್‌ನ ಗಾಜಿನ ಬಾಗಿಲು. ಟೆಂಪರ್ಡ್ ಗಾಜು ಮುಖದ ಮೇಲೆ ಬಿದ್ದ ಪೆಟ್ಟು ತಾಳೀತು, ಅಂಚಿನ ಮೇಲೆ ಬಿದ್ದದ್ದು ತಾಳದು. ಮೂಲೆ ಸೆರಾಮಿಕ್ ಟೈಲ್ಸಿಗೆ ಒಮ್ಮೆ ಕುಕ್ಕಿದರೆ ನೆಲದ ತುಂಬ ಹರಳು. ಆದ್ದರಿಂದ ಅದನ್ನು ಮೊದಲೇ ಬಿಚ್ಚಿ ಹಾಸಿಗೆಯ ಮೇಲೆ ಮಲಗಿಸಿ. ಆ ರಾತ್ರಿ ಮನೆಯಲ್ಲಿ ನಿದ್ದೆ ಮಾಡುವುದು ಅದೊಂದೇ.