ಅಪ್ಪಟ ಜಪಾನಿ ಕಟ್ಲೆಟ್

ಪ್ಯಾರಿಸ್‌ನ ಒಪೆರಾ ಹತ್ತಿರ ರ್ಯೂ ಸ್ಯಾಂತ್ ಆನ್ ಅಂತ ಒಂದು ಬೀದಿ ಇದೆ. ಬೀದಿ ತುಂಬಾ ಜಪಾನಿ ಊಟದ ಅಂಗಡಿಗಳು, ಅಂಗಡಿಗಳ ಮುಂದೆ ಕ್ಯೂ. ಒಳಗೆ ಇಪ್ಪತ್ತು ಜನಕ್ಕೆ ಜಾಗ, ಹೊರಗೆ ನಲವತ್ತು ಜನ ಛತ್ರಿ ಹಿಡಿದು ನಿಂತಿರುತ್ತಾರೆ. ಊರಿಂದ ಬಂದಿದ್ದ ಭಾವನನ್ನು ನಾನು ಅಲ್ಲಿ ನಿಲ್ಲಿಸಿದೆ. ಶಿರಸಿ ಕಡೆಯವರು. ಕ್ಯೂ ಅಂದರೆ ಅವರಿಗೆ ಸೊಸೈಟಿ ಸೀಮೆಎಣ್ಣೆ ನೆನಪು.

"ಅಲ್ಲ ಮಾರಾಯ, ಆ ಮೂಲೇಲೂ ಜಪಾನಿ ಹೋಟೆಲ್ ಅಂತ ಬೋರ್ಡ್ ಇದೆ. ಖಾಲಿ ಹೊಡೀತಿದೆ. ಇಲ್ಲೇ ಯಾಕೆ ನೆನೀಬೇಕು?"

ಮುಂದೆ ನಿಂತಿದ್ದ ಗಡ್ಡದ ಹುಡುಗ ನಾವು ಆ ಕಡೆ ಕೈ ತೋರಿಸಿದ್ದು ನೋಡಿ ತಾನಾಗೇ ತಿರುಗಿ ಬುದ್ಧಿ ಹೇಳಿದ. ಅದು ಅಸಲಿ ಅಲ್ಲವಂತೆ. ನಡೆಸುವವರು ಚೀನಾ ಮೂಲದವರಂತೆ. ಇಲ್ಲಿಯದು ಮಾತ್ರ ಅಪ್ಪಟ ಜಪಾನಿಯಂತೆ. ಅವನ ಮುಖದಲ್ಲಿ ಮಡಿ ಉಟ್ಟವರ ಗಾಂಭೀರ್ಯ.

ಮಡಿ ವಿಷಯದಲ್ಲಿ ಫ್ರಾನ್ಸಿನವರನ್ನು ಮೀರಿಸಲು ಆಗಲ್ಲ ಬಿಡಿ. ಶಾಂಪೇನ್ ಅನ್ನುವ ಹೆಸರು ತಮ್ಮ ಆ ಸೀಮೆಯ ವೈನಿಗೆ ಮಾತ್ರ ಅಂತ ಅವರು ದೇಶ ದೇಶದ ಕೋರ್ಟು ಹತ್ತಿದ್ದಾರೆ. ರೋಕ್‌ಫೋರ್ ಚೀಸ್‌ನ ಹೆಸರಿಗೆ 1925ರಲ್ಲೇ ಕಾನೂನಿನ ಬೇಲಿ ಹಾಕಿದರು. ಜಪಾನಿನವರೂ ಕಡಿಮೆಯಿಲ್ಲ. 2006ರಲ್ಲಿ ಅಲ್ಲಿನ ಕೃಷಿ ಸಚಿವ ಮಾತ್ಸುಓಕಾ ಅವರು, ಹೊರದೇಶಗಳಲ್ಲಿರುವ ಜಪಾನಿ ಹೋಟೆಲ್‌ಗಳಲ್ಲಿ ಅಸಲಿ ಯಾವುದು ನಕಲಿ ಯಾವುದು ಅಂತ ಸರ್ಟಿಫಿಕೇಟ್ ಕೊಡೋಣ ಎಂದು ಹೊರಟಿದ್ದರು. ಸುಶಿ ಅಂದರೆ ಅನ್ನದ ಜೊತೆ ಹಸಿ ಮೀನೋ ತರಕಾರಿಯೋ ಇಟ್ಟ ಜಪಾನಿ ತಿನಿಸು. ಅಮೆರಿಕದ ಪತ್ರಿಕೆಗಳು 'ಸುಶಿ ಪೊಲೀಸರು ಬಂದರು' ಅಂತ ನಕ್ಕವು. ಯೋಜನೆ ತಣ್ಣಗಾಯಿತು. ಆದರೆ ಆಸೆ ಬಿಡಬೇಕಲ್ಲ? 2016ರಲ್ಲಿ ವಿದೇಶಿ ಬಾಣಸಿಗರಿಗೆ ಚಿನ್ನ, ಬೆಳ್ಳಿ, ಕಂಚು ಅಂತ ಮೂರು ದರ್ಜೆ ಮಾಡಿದರು. ಸಾರು ಕಾಯಿಸುವುದಕ್ಕೂ ಒಲಿಂಪಿಕ್ಸ್.

ಮುಕ್ಕಾಲು ಗಂಟೆ ಕಳೆಯಿತು. ಗಾಜಿನೊಳಗೆ ಒಬ್ಬರ ತಟ್ಟೆಗೆ ಕಟ್ಸು ಕರಿ ಬಂತು. ಅನ್ನ, ಪಕ್ಕದಲ್ಲಿ ಹಳದಿ ಮಿಶ್ರಿತ ಕಂದು ಗೊಜ್ಜು, ಮೇಲೆ ಬ್ರೆಡ್ ಪುಡಿ ಹಚ್ಚಿ ಕರಿದ ಮಾಂಸದ ತುಂಡು. ಬಾಗಿಲು ತೆಗೆದಾಗ ಭಾವನ ಮೂಗು ಅರಳಿತು. "ಇದು ಅರಿಶಿನ, ಜೀರಿಗೆ, ಕೊತ್ತಂಬರಿ. ನಮ್ಮದಲ್ವಾ?"

ಹೌದು, ನಮ್ಮದೇ. ಇಂಗ್ಲಿಷರು ಭಾರತದಿಂದ ಹೊತ್ತುಕೊಂಡು ಹೋಗಿ, ಡಬ್ಬಿಯಲ್ಲಿ ಪುಡಿ ಮಾಡಿ ತುಂಬಿ, ಹತ್ತೊಂಬತ್ತನೇ ಶತಮಾನದಲ್ಲಿ ಜಪಾನಿಗೆ ಮುಟ್ಟಿಸಿದ್ದು. ಜಪಾನಿನವರು ಅದನ್ನು ಇಂಗ್ಲಿಷರ ಅಡುಗೆ ಅಂತಲೇ ಕಲಿತರು. ಇನ್ನು ಕಟ್ಸು ಅಂದರೆ ಕಟ್ಸುರೆಟ್ಸು. ಅಂದರೆ ಕಟ್ಲೆಟ್. ಕಟ್ಲೆಟ್ ಅಂದರೆ ಫ್ರೆಂಚರ ಕೊತ್‌ಲೆತ್. ಒಟ್ಟಿನಲ್ಲಿ ಈ ಗಡ್ಡದ ಹುಡುಗ ತನ್ನ ಅಜ್ಜಿ ಮನೆಯಲ್ಲೇ ಕರಿಯುತ್ತಿದ್ದ ಕಟ್ಲೆಟ್ಟನ್ನು ತಿನ್ನಲು, ತನ್ನದೇ ಊರಲ್ಲಿ, ಮಳೆಯಲ್ಲಿ ನೆನೆಯುತ್ತಾ ಮುಕ್ಕಾಲು ಗಂಟೆ ನಿಂತಿದ್ದಾನೆ. ಅದೂ ಅಪ್ಪಟ ಜಪಾನಿ ಅಂತ. ಅವನ ಗೆಳತಿ ಕಾಯುತ್ತಿದ್ದ ರಾಮೆನ್ ಅನ್ನುವ ಸಾರಿನ ನೂಡಲ್ಸ್ ಚೀನಾದಿಂದ ಜಪಾನಿಗೆ ಹೋದದ್ದು ಅಂತ ಹೇಳೋಣ ಅನ್ನಿಸಿತು. ಪಾಪ, ಚಳಿಯಲ್ಲಿದ್ದಳು. ಸುಮ್ಮನಾದೆ.

"ಇಲ್ಲಿ ಸಸ್ಯಾಹಾರ ಏನಿದೆ?" ಭಾವ ಕೊನೆಗೂ ಮುಖ್ಯ ಪ್ರಶ್ನೆ ಕೇಳಿದರು. ಬಾಗಿಲಲ್ಲಿದ್ದ ಹುಡುಗಿಯನ್ನು ವಿಚಾರಿಸಿದೆ. ಬರೀ ಸೊಪ್ಪಿನ ಸೂಪ್ ಇದೆ ಅಂದಳು. ಸೂಪ್ ಯಾವುದರಿಂದ? ಒಣಗಿಸಿದ ಮೀನಿಂದ. ಮೀನು ಕಾಣಿಸಲ್ಲ, ಯೋಚನೆ ಮಾಡಬೇಡಿ ಅಂತ ಸಮಾಧಾನವನ್ನೂ ಹೇಳಿದಳು. ಭಾವ ಕ್ಯೂ ಬಿಟ್ಟರು.

ಮೂಲೆಯ ನಕಲಿ ಅಂಗಡಿಗೆ ನುಗ್ಗಿದೆವು. ಕೆಂಪು ಲಾಂದ್ರ, ಪ್ಲಾಸ್ಟಿಕ್ ಹೊದಿಸಿದ ಮೆನು, ಬಣ್ಣದ ಫೋಟೋಗಳು. ಪ್ಯಾರಿಸ್‌ನ ಯಾವ ಗಲ್ಲಿಗೆ ಹೋದರೂ ಹೆಚ್ಚುಕಡಿಮೆ ಇದೇ ಮೆನು. ಹೆಸರು ಹೇಳುವ ಕಷ್ಟವಿಲ್ಲ, ಬಿ ನಾಲ್ಕು, ಸಿ ಎರಡು ಅಂದರೆ ಸಾಕು. ಪಕ್ಕದ ಮೇಜಿಗೆ ಬಂದ ಕಡ್ಡಿಗಳಲ್ಲಿ ತೆಳುವಾದ ದನದ ಮಾಂಸ ಸುತ್ತಿ, ಒಳಗೆ ಚೀಸ್ ಇಟ್ಟು ಸುಟ್ಟಿದ್ದರು. ಇದನ್ನು ಟೋಕಿಯೋದವರಿಗೆ ತೋರಿಸಿದರೆ ಯಾವ ದೇಶದ್ದು ಅಂತ ಕೇಳಿಯಾರು. ಪ್ಯಾರಿಸ್‌ನಲ್ಲಿ ಮಾತ್ರ ಇದಿಲ್ಲದೆ ಜಪಾನಿ ಊಟವೇ ಇಲ್ಲ. ಚೀಸ್ ಇಲ್ಲದ್ದು ಇವರ ಗಂಟಲಲ್ಲಿ ಇಳಿಯುವುದಿಲ್ಲ. ಇಲ್ಲಿನ ಇಂಡಿಯನ್ ಹೋಟೆಲ್‌ಗಳಲ್ಲೂ ನಾನ್ ಒಳಗೆ ಚೀಸ್ ತುಂಬಿ, ಅದೇ ನಮ್ಮ ರಾಷ್ಟ್ರೀಯ ಖಾದ್ಯ ಅನ್ನುವ ಹಾಗೆ ಮಾರುತ್ತಾರೆ. ಉಡುಪಿ ಹೋಟೆಲ್ ಅಂತ ಬೋರ್ಡ್ ಹಾಕಿ ಗೋಬಿ ಮಂಚೂರಿ ಬಡಿಸುವ ಊರಿಂದ ಬಂದ ನಾನು ಏನಂತ ಮಾತಾಡಲಿ?

ಭಾವನಿಗೆ ಬೆಣ್ಣೆಹಣ್ಣಿನ ಸುಶಿ ಸುರುಳಿ, ಸೌತೆಕಾಯಿ ಸುರುಳಿ ಬಂತು. ತಟ್ಟೆಯ ಅಂಚಲ್ಲಿ ಹಸಿರು ವಾಸಾಬಿ, ಜಪಾನಿನ ಖಾರದ ಬೇರಿನ ಚಟ್ನಿ. ಅದು ವಾಸಾಬಿಯೂ ಅಲ್ಲ. ಇಂಥ ಕಡೆ ಸಿಗುವುದು ಸಾಮಾನ್ಯವಾಗಿ ಹಾರ್ಸ್‌ರ‍್ಯಾಡಿಶ್ ಅನ್ನುವ ಯುರೋಪಿನ ಬೇರನ್ನು ಅರೆದು ಬಣ್ಣ ಹಾಕಿದ್ದು. ನನ್ನ ತಟ್ಟೆಯ ಸಾಲ್ಮನ್ ನಾರ್ವೆಯದು. ಹಸಿ ಸಾಲ್ಮನ್ ಸುಶಿಯೇ ನಾರ್ವೆಯವರ ಕಿತಾಪತಿ. ತಮ್ಮಲ್ಲಿ ಮೀನು ಜಾಸ್ತಿಯಾಗಿ, 1980ರ ದಶಕದಲ್ಲಿ ಜಪಾನಿಗೆ ಹೋಗಿ ಹಸಿಯಾಗಿ ತಿನ್ನಿ ಅಂತ ಅವರನ್ನು ಒಪ್ಪಿಸಿದರು. ಅದಕ್ಕೂ ಮೊದಲು ಹುಳದ ಭಯಕ್ಕೆ ಜಪಾನಿನವರು ಅದನ್ನು ಸಾಮಾನ್ಯವಾಗಿ ಬೇಯಿಸದೆ ಮುಟ್ಟುತ್ತಿರಲಿಲ್ಲ.

"ಹಾಗಾದ್ರೆ ಇಲ್ಲಿ ಜಪಾನಿಂದು ಯಾವುದು?" ಭಾವ ಕೇಳಿದರು.

ಲಾಂದ್ರ ನೋಡಿದೆ. ಕೆಳಗೆ 'ಮೇಡ್ ಇನ್ ಚೀನಾ' ಅಂತ ಚೀಟಿ ಇತ್ತು.

ಭಾವ ಒಂದು ಸುರುಳಿ ಬಾಯಿಗಿಟ್ಟು ಅಗಿದರು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ ಅನ್ನುವುದು ಅವರ ಮುಖದಲ್ಲೇ ಕಂಡಿತು. ಮೆಲ್ಲಗೆ ಕೋಟಿನ ಒಳಜೇಬಿಗೆ ಕೈ ಹಾಕಿ, ಅಕ್ಕ ಕಟ್ಟಿಕೊಟ್ಟಿದ್ದ ಪುಟ್ಟ ಬಾಟಲಿ ತೆಗೆದರು. ಅಪ್ಪೆಮಿಡಿ ಉಪ್ಪಿನಕಾಯಿ. ಹೊರದೇಶದಲ್ಲಿ ಇದ್ದಷ್ಟು ದಿನವೂ ಅವರ ಜೀವರಕ್ಷಕ. ಆ ಮಾವಿಗೂ ಭೌಗೋಳಿಕ ಗುರುತಿನ ಪಟ್ಟ ಇದೆ, ಶಾಂಪೇನಿಗೆ ಇರುವ ಹಾಗೇ. ಬೆಣ್ಣೆಹಣ್ಣಿನ ಸುರುಳಿಯ ಮೇಲೆ ಒಂದು ಚಮಚ ರಸ ಬಿತ್ತು. ವಾಸನೆ ಮೂರು ಮೇಜು ದಾಟಿತು. ಚೀಸ್ ಕಡ್ಡಿ ಹಿಡಿದಿದ್ದವನ ಕೈ ಅಲ್ಲೇ ನಿಂತಿತು.

ಸರ್ವ್ ಮಾಡುವ ಹುಡುಗ ಓಡಿಬಂದು ಬಗ್ಗಿ ನೋಡಿ, ಇದೇನು ಅಂತ ಕೇಳಿದ.

ಭಾವ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಗಂಭೀರವಾಗಿ ಹೇಳಿದರು: "ಜಪಾನೀಸ್."