ನೈಂಟಿ ಸಿಕ್ತೇನ್ರಿ?

ನಮ್ಮ ಜೀಪ್ ಓಡಿಸಲು ಇಬ್ಬರು ಬೇಕು. ಒಬ್ಬರು ಸ್ಟೇರಿಂಗ್ ಹಿಡಿಯಲು, ಇನ್ನೊಬ್ಬರು ಸೆಕೆಂಡ್ ಗೇರ್ ಹಿಡಿಯಲು. ಲಿವರ್ ಮೇಲಿನ ಕೈ ತೆಗೆದರೆ ಸಾಕು, ಟಕ್ ಅಂತ ನ್ಯೂಟ್ರಲ್‌ಗೆ ಹಾರುತ್ತದೆ. ಹೊಲಕ್ಕೆ ಹೋಗುವಾಗ ಈ ಡ್ಯೂಟಿ ಅವ್ವನದು. ಎಡಗೈಯಲ್ಲಿ ರೊಟ್ಟಿ ಗಂಟು, ಬಲಗೈಯಲ್ಲಿ ಲಿವರ್. ತೊಂದರೆ ಆಗೋದು ಕಲಬುರಗಿಯ ಶರಣಬಸವೇಶ್ವರ ಗುಡಿ ಮುಂದೆ ಹಾದು ಹೋಗುವಾಗ. ಗುಡಿ ಕಂಡ ಕೂಡಲೇ ಅವ್ವನ ಎರಡೂ ಕೈ ತಾವಾಗಿಯೇ ಮೇಲೆ ಹೋಗುತ್ತವೆ. ಗೇರ್ ಹಾರುತ್ತದೆ. ಇಂಜಿನ್ ಒದರುತ್ತದೆ. ಹಿಂದಿನ ಆಟೋದವರು ನಮ್ಮ ಮನೆತನದ ಬಗ್ಗೆ ಏನೇನೋ ಅನ್ನುತ್ತಾರೆ. ಅವ್ವ ಕಣ್ಣು ಮುಚ್ಚಿಕೊಂಡೇ, "ಶರಣಪ್ಪಾ, ಈ ಗಾಡಿಗೆ ಒಳ್ಳೆ ಬುದ್ಧಿ ಕೊಡಪ್ಪಾ" ಅನ್ನುತ್ತಾಳೆ.

ಗಾಡಿ ಸಿಜೆ-3ಬಿ. ಹಳೇ ಮಹೀಂದ್ರಾ, ಪೆಟ್ರೋಲ್. ಮೂಲದಲ್ಲಿ ವಿಲ್ಲಿಸ್ ಕಂಪನಿಯದು, ಅಮೆರಿಕದಲ್ಲಿ 1953ರಲ್ಲಿ ಬಂತು. ಹೊಸ ಇಂಜಿನ್ ಎತ್ತರ ಆಯ್ತು ಅಂತ ಬಾನೆಟ್ಟನ್ನೇ ಎತ್ತರಿಸಿದ ಪುಣ್ಯಾತ್ಮರು ಅವರು. ಅಲ್ಲಿ 1968ಕ್ಕೆ ನಿಲ್ಲಿಸಿದರೂ ನಮ್ಮಲ್ಲಿ ಮಹೀಂದ್ರಾದವರು ಆಮೇಲೂ ಬಹಳ ವರ್ಷ ತಯಾರಿಸಿದರು. ಗೇರ್‌ಬಾಕ್ಸ್ ಹೆಸರು ಟಿ-90. ಮುಂದಕ್ಕೆ ಮೂರೇ ಗೇರ್. ಫಸ್ಟಿಗೆ ಸಿಂಕ್ರೋ, ಅಂದರೆ ವೇಗ ಹೊಂದಿಸಿ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ವ್ಯವಸ್ಥೆ, ಇಲ್ಲ. ಗಾಡಿ ಪೂರ್ತಿ ನಿಲ್ಲಿಸಿ ಹಾಕಬೇಕು, ಇಲ್ಲವೇ ಡಬಲ್ ಕ್ಲಚ್ ಮಾಡಬೇಕು, ಅಂದರೆ ಕ್ಲಚ್ ಎರಡು ಸಲ ತುಳಿಯಬೇಕು. ಸೆಕೆಂಡಿಗೂ ಥರ್ಡಿಗೂ ಹಿತ್ತಾಳೆಯ ಸಿಂಕ್ರೋ ರಿಂಗ್ ಇರುತ್ತವೆ. ನಮ್ಮ ಕಡೆ ಎರೆ ಹೊಲದ ದಾರಿಯಲ್ಲಿ ಒಂದು ಮಳೆ ಬಿದ್ದರೆ ಥರ್ಡ್ ಗೇರ್ ಬರೀ ಅಲಂಕಾರಕ್ಕೆ. ಎಲ್ಲ ಕೆಲಸ ಸೆಕೆಂಡಿನದೇ. ಅದೇ ಹಾರಿದರೆ ಏನು ಮಾಡೋದು?

ಹುಮನಾಬಾದ್ ರಿಂಗ್ ರೋಡಿನ ಕಡೆ ಒಬ್ಬ ಮಿಸ್ತ್ರಿ ಚಾಚಾ ಇದ್ದಾರೆ. ಜೀಪ್ ಅಂದರೆ ಅವರಿಗೆ ಪ್ರಾಣ. ಗೇರ್‌ಬಾಕ್ಸ್ ಇಳಿಸಿ, ಮುಚ್ಚಳ ತೆಗೆದು, ಒಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. "ಮಾಲಕ್ರ, ಹಲ್ಲು ಸವದು ಗುಂಡಗಾಗ್ಯಾವ. ರಿಂಗ್ ಸವದಾವ. ಸ್ಪ್ರಿಂಗೂ ಸತ್ತದ. ಗೇರ್ ಹಾರ್ದೆ ಏನ್ ಮಾಡ್ತದ?" ಆಮೇಲೆ ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಅದರಲ್ಲಿ ದೊಡ್ಡದಾಗಿ ಬರೆದಿತ್ತು: 'ನೈಂಟಿ ರಿಂಗ್, ನೈಂಟಿ ಗೇರ್, ನೈಂಟಿ ಎಣ್ಣೆ.'

ಇಲ್ಲಿಂದ ನನ್ನ ಮಾನ ಹೋಗಲು ಶುರುವಾಯಿತು.

ಯಾಕಂದರೆ ನಮ್ಮ ಗೇರ್‌ಬಾಕ್ಸ್ ಟಿ-90. ಮಹೀಂದ್ರಾದ್ದೇ ಇನ್ನೊಂದು ನಾಲ್ಕು ಗೇರಿನ ಬಾಕ್ಸ್ ಇದೆ, ಅದು ಕೆಎಂಟಿ-90. ಹಾಕುವ ಎಣ್ಣೆಯೂ 90 ನಂಬರಿನದು. ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಯವರಿಗೆ ಫೋನ್ ಮಾಡಿ ಟಿ-90 ರಿಂಗ್ ಕೇಳಿದೆ. ಕೆಎಂಟಿ-90 ರಿಂಗ್ ಬಂತು. ವಾಪಸ್ ಕಳಿಸಿ, ಬಿಡಿಸಿ ಬಿಡಿಸಿ ಹೇಳಿದೆ. ಈ ಸಲ ಎಣ್ಣೆ ಡಬ್ಬಿ ಬಂತು. ದಿನಾ ಸಂಜೆ ಅಂಗಳದಲ್ಲಿ ನಿಂತು ನಾನು ಫೋನಿನಲ್ಲಿ ಕೂಗುತ್ತಿದ್ದೆ: "ನೈಂಟಿ ಸಿಕ್ತೇನ್ರಿ? ಒರಿಜಿನಲ್ ಅದ ಅಲ್ವಾ? ಡುಪ್ಲಿಕೇಟ್ ಬ್ಯಾಡ್ರಿ, ಹೋದ ಸಲದ್ದು ಭಾಳ ತ್ರಾಸ್ ಕೊಡ್ತು!"

ಪಕ್ಕದ ಮನೆಯ ಕಾಕು ಒಂದು ದಿನ ನನ್ನ ಹೆಂಡತಿಯನ್ನು ಕಾಂಪೌಂಡ್ ಹತ್ತಿರ ಕರೆದು, ದನಿ ತಗ್ಗಿಸಿ ಕೇಳಿದರಂತೆ: "ಯಾವಾಗಿಂದವಾ? ಮೊದ್ಲು ಹಿಂಗ್ ಇದ್ದಿದ್ದಿಲ್ಲಲ್ಲ." ಅವಳು ಕರಿ ಎಣ್ಣೆ ಮೆತ್ತಿದ ನನ್ನ ಅಂಗಿ ತೋರಿಸಿ ಸಮಾಧಾನ ಮಾಡಿದಳು. ಕಾಕು ನಂಬಲಿಲ್ಲ. ಕುಡಿದು ಗಟಾರಕ್ಕೆ ಬಿದ್ದಿದ್ದಾನೆ ಅಂತ ತಿಳಿದುಕೊಂಡರು.

ಒರಿಜಿನಲ್ ಕಥೆ ಬೇರೆಯೇ ಇದೆ. ಅಂಗಡಿಯಲ್ಲಿ 'ಒರಿಜಿನಲ್' ಇರುತ್ತದೆ, 'ಫಸ್ಟ್ ಕ್ವಾಲಿಟಿ' ಇರುತ್ತದೆ, 'ಒರಿಜಿನಲ್ ಟೈಪ್' ಅಂತಲೂ ಇರುತ್ತದೆ. ಡಬ್ಬಿ ಎಲ್ಲಕ್ಕೂ ಚೆನ್ನಾಗಿಯೇ ಇರುತ್ತದೆ. ಚಾಚಾ ಡಬ್ಬಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹೊಸ ಗೇರನ್ನು ವೈಸಿಗೆ ಕಟ್ಟಿ, ಹಲ್ಲಿನ ಅಂಚಿಗೆ ಮೆಲ್ಲಗೆ ಕಬ್ಬಿಣ ಉಜ್ಜುವ ಕಾನಸು ಎಳೆದರು. ಸರಿಯಾಗಿ ಹದ ಕೊಟ್ಟ ಗೇರಾದರೆ ಕಾನಸು ಮೇಲೆಯೇ ಜಾರಬೇಕು. ಇದು ಕರ್ರ್ ಅಂತ ಕಚ್ಚಿತು, ಬೆಳ್ಳಗೆ ಪುಡಿ ಉದುರಿತು. "ಆರು ತಿಂಗಳು ನಡೀತದ. ಆಮೇಲೆ ನೀವೇ ಹಿಡ್ಕೊಂಡ್ ಕೂಡ್ಬೇಕು," ಅಂದರು. ಆಮೇಲೆ ರಿಂಗ್. ಗೇರಿನ ಕೋನಿನ ಮೇಲೆ ಇಟ್ಟು, ಹೆಬ್ಬೆರಳಿನಿಂದ ಒತ್ತಿ ತಿರುಗಿಸಿದರು. ಒಳ್ಳೆ ರಿಂಗ್ ಅಲ್ಲಿಯೇ ಬಿಗಿಯಾಗಿ ಕೂರಬೇಕು. ರಿಂಗಿನ ಅಂಚಿಗೂ ಗೇರಿನ ಹಲ್ಲಿಗೂ ನಡುವೆ ಸ್ವಲ್ಪ ಸಂದಿಯೂ ಉಳಿಯಬೇಕು. ಇದು ಗರಗರ ತಿರುಗಿತು. ಚಾಚಾ ಅದನ್ನು ಬೆಳಕಿಗೆ ಹಿಡಿದು, "ಇದು ಹಿತ್ತಾಳಿ ಅಲ್ರಿ, ಹಿತ್ತಾಳಿ ಬಣ್ಣ," ಅಂದು ನನ್ನ ಕೈಗೇ ಹಾಕಿದರು. ಪಾರ್ಟ್ ಕೊಳ್ಳುವ ಎಲ್ಲರ ಮನೆಯಲ್ಲೂ ಒಬ್ಬ ಚಾಚಾ, ಒಂದು ಕಾನಸು ಇರಬೇಕು ಅನ್ನೋದು ನನ್ನ ಅಭಿಪ್ರಾಯ.

ಕೊನೆಗೆ ಸರಿಯಾದ ಗೇರು, ರಿಂಗು ಸಿಕ್ಕವು. ಗ್ರಹಚಾರ ಇನ್ನೂ ಮುಗಿದಿರಲಿಲ್ಲ. ಕ್ಲಸ್ಟರ್ ಗೇರ್ ಅಂದರೆ ಒಂದೇ ತುಂಡಿನ ಗೇರುಗಳ ಗೊಂಚಲು. ಅದರ ಒಳಗೆ ಸೂಜಿಯಂಥ ಸಣ್ಣ ಸಣ್ಣ ನೀಡಲ್ ರೋಲರ್ ಕೂರಿಸಬೇಕು. ಗ್ರೀಸ್ ಹಚ್ಚಿ ಒಂದೊಂದಾಗಿ ಅಂಟಿಸಿ, ಬೀಳದಂತೆ ನಡುವೆ ಡಮ್ಮಿ ಶಾಫ್ಟ್ ತೂರಿಸಬೇಕು. ಚಾಚಾ ಉಸಿರು ಬಿಗಿಹಿಡಿದು ಅಂಟಿಸುತ್ತಿದ್ದಾಗ ಹುಡುಗ ಚಹಾ ತಂದು ಟೇಬಲ್ ಮೇಲೆ ಕುಕ್ಕಿದ. ಒಂದು ನೀಡಲ್ ಮಣ್ಣಿಗೆ ಹಾರಿತು. ಹಳೇ ಸ್ಪೀಕರಿನ ಮ್ಯಾಗ್ನೆಟ್ಟಿಗೆ ಹಗ್ಗ ಕಟ್ಟಿ ಗ್ಯಾರೇಜ್ ತುಂಬಾ ಎಳೆದೆವು. ಮೊಳೆ, ಬ್ಲೇಡ್ ಚೂರು, ವಾಷರ್, ಯಾರದೋ ಕೀಲಿ, ಒಂದು ಪಿನ್ನು ಎಲ್ಲ ಬಂದವು. ನೀಡಲ್ಲೂ ಬಂದವು. ಒಂದಲ್ಲ, ಒಂದು ಹಿಡಿ! ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಗಿರಾಕಿಗಳ ಗೇರ್‌ಬಾಕ್ಸಿನಿಂದ ಬಿದ್ದವು. ನಾನು ಚಾಚಾ ಮುಖ ನೋಡಿದೆ. ಚಾಚಾ ಚಹಾ ನೋಡಿದರು. ಒಂದಕ್ಕಿಂತ ಒಂದು ದಪ್ಪ ಇದ್ದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ, ಹಾಗಾಗಿ ಹೊಸ ಸೆಟ್ಟನ್ನೇ ತರಿಸಿದೆವು.

ಉಳಿದಿದ್ದು ಎಣ್ಣೆ. ಗೇರ್ ಎಣ್ಣೆಗೆ ಜಿಎಲ್ ಅಂತ ದರ್ಜೆ ಇರುತ್ತದೆ. ಅಂಗಡಿಯ ಹುಡುಗ, "ಜಿಎಲ್-5 ತಗೊಳ್ರಿ ಸರ್, ನಂಬರೂ ಜಾಸ್ತಿ, ರೇಟೂ ಜಾಸ್ತಿ," ಅಂದ. ಚಾಚಾ ಫೋನಿನಲ್ಲೇ ಅವನಿಗೆ ಬೈದರು. ಅದರಲ್ಲಿರುವ ಗಂಧಕದ ಮಸಾಲೆ ಹಿತ್ತಾಳೆ ರಿಂಗನ್ನು ಮೆಲ್ಲಗೆ ತಿನ್ನಬಹುದು. ಈ ಬಾಕ್ಸಿಗೆ ಜಿಎಲ್-4 ಸಾಕು.

ಎಣ್ಣೆ ಹಾಕುವ ದಿನ ನಾನು ಊರಲ್ಲಿ ಇರಲಿಲ್ಲ. ಹೆಂಡತಿಯ ತಮ್ಮನಿಗೆ ಹೆಣ್ಣು ನೋಡಲು ಆಳಂದಕ್ಕೆ ಹೋಗಿದ್ದೆವು. ಮಂಡಕ್ಕಿಯ ಸುಶೀಲಾ, ಚಹಾ ಮುಗಿದಿದ್ದವು. ಮಾವನವರು ಎದೆ ಉಬ್ಬಿಸಿ, "ನಮ್ಮ ಹುಡುಗನಿಗೆ ಯಾವ ಚಟನೂ ಇಲ್ರಿ. ನಮ್ಮ ಅಳಿಯರನ್ನೇ ನೋಡ್ರಿ, ಅಡಕಿ ಸೈತ ಮುಟ್ಟಲ್ಲ," ಅಂದರು. ಆಗ ಫೋನ್ ಬಂತು. ನನ್ನ ಫೋನ್ ಸ್ಪೀಕರಿನಲ್ಲಿ ಮಾತ್ರ ಮಾತಾಡುತ್ತದೆ.

"ಮಾಲಕ್ರ! ನೈಂಟಿ ಹಾಕೀನ್ರಿ. ಭಾಳ ಛಂದ್ ಆಗ್ಯದ. ಇನ್ನಾ ಅರ್ಧ ಲೀಟರ್ ಹಿಡೀತದ, ಬರೋವಾಗ ತರ್ರಿ!"

ಎಲ್ಲರೂ ನೆಲ ನೋಡಿದರು. ಹೆಣ್ಣಿನ ತಂದೆ ಮಾತ್ರ ನನ್ನ ಕಡೆ ಸ್ವಲ್ಪ ಸರಿದು ಕೂತು, ಮೆಲ್ಲಗೆ ಕೇಳಿದರು: "ಯಾವ ಅಂಗಡ್ಯಾಗ ತಗೋತೀರಿ?"