ಬೇಸಿಗೆಯಲ್ಲಿ ಟೈರಿನ ಗಾಳಿ ಇಳಿಸಬೇಕೇ?

ಬಳ್ಳಾರಿ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟಿದರೆ ಸಾಕು, ಒಂದು ಸಂದೇಶ ಮತ್ತೆ ಓಡಾಡುತ್ತದೆ: ಕಾವಿಗೆ ಟೈರ್ ಸಿಡಿಯುತ್ತದೆ, ಗಾಳಿ ಕಡಿಮೆ ಇಡಿ. ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಸಲಹೆ ತಪ್ಪು, ಅಪಾಯಕಾರಿಯೂ ಹೌದು.

ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕದ ಭಾಗ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಶಾಖ ಹುಟ್ಟುವುದೇ ಅಲ್ಲಿ. ಹೆದ್ದಾರಿಯಲ್ಲಿ ಐದು ಜನ, ಲಗೇಜು ತುಂಬಿ ವೇಗವಾಗಿ ಹೋದಾಗ ಒಳಪದರಗಳು ಬಿಟ್ಟುಕೊಂಡು ಟೈರ್ ಸಿಡಿಯಬಹುದು. ಓಡುವಾಗ ಒತ್ತಡ ನಾಲ್ಕೈದು ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಏರುವುದು ಸಹಜ. ಕಂಪನಿ ಕೊಡುವ ಅಂಕಿ ತಣ್ಣಗಿನ ಟೈರಿನದು. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ.

ನೀವೇ ನೋಡಿ: ಫೋಕ್ಸ್‌ವ್ಯಾಗನ್ ಪೋಲೋದಂಥ ಯುರೋಪಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೋ ಚಾಲಕನ ಬಾಗಿಲ ಪಕ್ಕದಲ್ಲೋ ಟೈರಿನ ಒತ್ತಡ ತಿಳಿಸುವ ಸ್ಟಿಕರ್ ಇರುತ್ತದೆ. ಅಂಕಿ ಬಾರ್ ಎಂಬ ಇನ್ನೊಂದು ಅಳತೆಯಲ್ಲಿದ್ದರೆ 14.5ರಿಂದ ಗುಣಿಸಿ, ಪಿಎಸ್‌ಐ ಸಿಗುತ್ತದೆ. ಪೂರ್ತಿ ಭಾರಕ್ಕೆ ಬೇರೆ ಅಂಕಿ ಇರುತ್ತದೆ. ಕಾರು ಮೂರು ತಾಸು ನಿಂತ ಮೇಲೆ, ಮುಂಜಾನೆ ಅಳೆಯಿರಿ.

ಗಾಳಿಯ ಜೊತೆ ಟೈರಿನ ವಯಸ್ಸನ್ನೂ ನೋಡಿ; ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹೆಚ್ಚು ಮೋಸ ಹೋಗುವುದು ಅದರಲ್ಲೇ. ಟೈರಿನ ಪಕ್ಕದಲ್ಲಿ DOT (ಡಿಒಟಿ) ಎಂದು ಶುರುವಾಗುವ ಅಚ್ಚು ಸಾಲಿನ ಕೊನೆಯ ನಾಲ್ಕು ಅಂಕಿ 2316 ಎಂದಿದ್ದರೆ ಅದು 2016ರ 23ನೇ ವಾರದ್ದು. ಗೆರೆ ಆಳವಾಗಿದ್ದರೂ ಅಂಥದ್ದನ್ನು ಬದಲಿಸಿ. ನಾಲ್ಕು ಟೈರಿನ ಖರ್ಚನ್ನು ಕಾರಿನ ಬೆಲೆಯಲ್ಲೇ ಚೌಕಾಸಿ ಮಾಡಿ. ಸ್ಟೆಪ್ನಿಯನ್ನೂ ನೋಡಿ.